ಒಸೈರಿಸ್ ಮೂರ್ತಿಯ ಬಣ್ಣ ಉಳಿಸಿದ ಬಗೆ

ಸಂಗ್ರಹಾಲಯದಲ್ಲಿ ಮರದ ವಸ್ತುಗಳ ಸಂರಕ್ಷಣೆ ನನ್ನ ವೃತ್ತಿ. ಈಚೆಗೆ ನನ್ನ ಮೇಜಿಗೆ ಬಂದದ್ದು ಪ್ರಾಚೀನ ಈಜಿಪ್ಟಿನ ಪ್ತಾಹ್-ಸೋಕರ್-ಒಸೈರಿಸ್ ಮೂರ್ತಿ. ಮಮ್ಮಿಯಂಥ ಮೈ, ಹಸಿರು ಮುಖ, ಉದ್ದನೆಯ ಪೀಠದ ಮೇಲೆ ಪುಟ್ಟ ಗಿಡುಗ. ಮೂವರು ದೇವರು ಒಂದಾದ ಈ ರೂಪವನ್ನು ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಿದ್ದರು, ಅವರಿಗೆ ಮತ್ತೆ ಜೀವ ಬರಲೆಂದು. ಮುಖದ ಹಸಿರು ಮೊಳಕೆಯೊಡೆಯುವ ಪೈರಿನದು.

ಇಂಥ ಮೂರ್ತಿಗಳಲ್ಲಿ ಕೆಲವು ಪೊಳ್ಳು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಪ್ರಾಚೀನ ಈಜಿಪ್ಟಿನ ಲಿಪಿಕಾರ ಹುನೆಫರ್‌ನ ಪಪೈರಸ್ ಸುರುಳಿ ಸಿಕ್ಕಿದ್ದೂ ಇಂಥದೊಂದರ ಒಳಗೆ. ಕೆಲವುಗಳ ಪೀಠದ ಗೂಡಿನಲ್ಲಿ ಮಣ್ಣಿಗೆ ಧಾನ್ಯ ಬೆರೆಸಿ ಮಾಡಿದ ಗೊಂಬೆ ಇರುತ್ತದೆ. ಹಾಗಾಗಿ ಮೊದಲು ಎಕ್ಸ್-ರೇ ತೆಗೆಸಿದೆ. ಗೂಡು ಖಾಲಿಯಿತ್ತು. ಮೂರ್ತಿಯನ್ನು ಪೀಠಕ್ಕೆ ಕೂರಿಸಿದ ಗೂಟ ಮಾತ್ರ ಸ್ಪಷ್ಟವಾಗಿ ಕಂಡಿತು.

ಮುಂದಿನದು ಫೋಟೊ. ಈಜಿಪ್ಟಿನವರು ಮರಳು, ಸುಣ್ಣ, ತಾಮ್ರವನ್ನು ಒಟ್ಟಿಗೆ ಕಾಯಿಸಿ ಮಾಡುತ್ತಿದ್ದ ನೀಲಿ, ಕಣ್ಣಿಗೆ ಕಾಣುವ ಬೆಳಕು ಬಿದ್ದಾಗ ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಕಿರಣ ಸೂಸುತ್ತದೆ. ಆ ಕಿರಣವನ್ನಷ್ಟೇ ಹಿಡಿಯುವ ಕ್ಯಾಮೆರಾದಲ್ಲಿ, ಬರಿಗಣ್ಣಿಗೆ ಕಪ್ಪಾಗಿದ್ದ ತಲೆಯುಡುಗೆಯ ಪಟ್ಟೆಗಳು ಬೆಳ್ಳಗೆ ಹೊಳೆದವು. ಅಷ್ಟೂ ನೀಲಿ! ವೃತ್ತಿಗೆ ಬಂದು ಇಷ್ಟು ಕಾಲವಾದರೂ ಆ ಚಿತ್ರ ಪರದೆಯ ಮೇಲೆ ಮೂಡುವಾಗ ಮೈ ಜುಮ್ಮೆನ್ನುತ್ತದೆ.

ತೊಂದರೆಯಿದ್ದದ್ದು ಎಡಭುಜದಲ್ಲಿ. ತೇವ ಏರಿಳಿದಂತೆ ಮರ ಹಿಗ್ಗಿ ಕುಗ್ಗುತ್ತದೆ, ಅದರ ಮೇಲಿನ ಸುಣ್ಣದ ಲೇಪಕ್ಕೆ ಆ ಬಳುಕು ಇಲ್ಲ. ಬಣ್ಣ ಹಪ್ಪಳದಂತೆ ಉಬ್ಬಿ ನಿಂತಿತ್ತು. ಹಳೆಯ ಬಣ್ಣಕ್ಕೆ ಬಳಸಿದ ಅಂಟು ನೀರಿಗೆ ಕರಗಬಹುದು. ಆದ್ದರಿಂದ ಬೆನ್ನಿನ ಮೂಲೆಯಲ್ಲಿ ಪರೀಕ್ಷಿಸಿಕೊಂಡೇ ಮುಂದುವರಿದೆ. ಸೂಕ್ಷ್ಮದರ್ಶಕದ ಕೆಳಗೆ, ಅತಿ ಸಣ್ಣ ಕುಂಚದ ತುದಿಯಿಂದ ಚಕ್ಕೆಯ ಅಡಿಗೆ ಮೊದಲು ಒಂದು ಹನಿ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್), ಹಿಂದೆಯೇ ಸ್ಟರ್ಜನ್ ಮೀನಿನ ಅಂಟಿನ ತೆಳು ದ್ರಾವಣ. ಎಥನಾಲ್ ದಾರಿ ಮಾಡಿಕೊಟ್ಟರೆ ಅಂಟು ತಾನಾಗಿ ಒಳಗೆ ಹರಿಯುತ್ತದೆ. ಚಕ್ಕೆ ಮೆದುವಾದ ಮೇಲೆ ಸಿಲಿಕೋನ್ ಹಾಳೆಯಿಟ್ಟು ಬೆರಳಿನಿಂದ ಹಗುರವಾಗಿ ಒತ್ತಬೇಕು. ಅವಸರಪಟ್ಟರೆ ಚಕ್ಕೆ ಪುಡಿಯಾಗುತ್ತದೆ.

ಬಣ್ಣ ಉದುರಿ ಮರ ಕಾಣುವ ಕಡೆ ಹೊಸದಾಗಿ ಬಳಿಯಲು ನಾನು ಒಪ್ಪಲಿಲ್ಲ. ನೆತ್ತಿಯ ತೂತಿಗೆ ಗರಿಗಳ ಕಿರೀಟ ಸಿಕ್ಕಿಸಿರುತ್ತಿದ್ದರು, ಈಗ ಅದಿಲ್ಲ. ಅದನ್ನೂ ಮಾಡಿಸಲಿಲ್ಲ. ಬರಿದಾದ ಆ ತೂತಿನ ಅಂಚಿನಲ್ಲಿ ಉಳಿಯ ಗುರುತುಗಳಿವೆ, ಅವು ಮುಚ್ಚಿಹೋಗಬಾರದು. ಮೂರ್ತಿ ಈಗ ತೇವಾಂಶ ಶೇ. 50ರ ಆಸುಪಾಸಿನಲ್ಲಿ ನಿಲ್ಲುವ ಪೆಟ್ಟಿಗೆಯಲ್ಲಿದೆ, ಭುಜದ ಫೋಟೊವನ್ನು ಹಳೆಯದರ ಜೊತೆ ಆಗಾಗ ಹೋಲಿಸಿ ನೋಡುತ್ತೇನೆ.