ಮೆಟ್ರೋ ಹತ್ತಿರದ ನಮ್ಮ 30-40 ಸೈಟು

ಬೆಂಗಳೂರಿನ ಯಲಚೇನಹಳ್ಳಿ ಮೆಟ್ರೋ ಸ್ಟೇಷನ್‌ನಿಂದ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಇಲ್ಲಿವರೆಗೆ ಬಂತು. ಅದಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಟು-ಲೆಟ್ ಬೋರ್ಡು ತಿಂಗಳುಗಟ್ಟಲೆ ನೇತಾಡುತ್ತಿತ್ತು. ಈಗ ಬೆಳಿಗ್ಗೆ ಹಾಕಿದರೆ ಸಂಜೆಗೆ ಫೋನ್ ಬರುತ್ತದೆ. ಬಾಡಿಗೆಯೂ ಹಾಗೇ ಏರಿದೆ.

ಅಪ್ಪ ಕಟ್ಟಿಸಿದ ಹಳೇ ಮನೆ ಸೋರುತ್ತಿತ್ತು. ಕೆಡವಿ ಕಟ್ಟಲು ಹೊರಟಾಗ ಎಂಜಿನಿಯರ್ ಹೇಳಿದ್ದು, "ನಿಮಗೊಂದು, ಬಾಡಿಗೆಗೊಂದು ದೊಡ್ಡ ಮನೆ ಮಾಡಿ ಸರ್, ತಲೆನೋವಿರಲ್ಲ." ನಮಗೆ ಸಿಕ್ಕ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ) 1.75. ಅಂದರೆ 1200 ಚದರಡಿ ಸೈಟಿನಲ್ಲಿ ಒಟ್ಟು 2100 ಚದರಡಿ. ನಮಗೆ 700 ಇಟ್ಟುಕೊಂಡು, ಮೆಟ್ಟಿಲಿಗೆ ಒಂದಿಷ್ಟು ಬಿಟ್ಟು, ಉಳಿದದ್ದರಲ್ಲಿ ಒಂದು ದೊಡ್ಡ ಮನೆ ಬದಲು 300 ಚದರಡಿಯ ನಾಲ್ಕು ಸಿಂಗಲ್ ಬೆಡ್‌ರೂಮ್ ಮನೆ ಮಾಡಿಸಿದೆ.

ಬೀದಿಯವರು ಜಗಳಕ್ಕೆ ಬಂದರು. ಇಷ್ಟೊಂದು ಜನ ಕಾರು ಎಲ್ಲಿ ನಿಲ್ಲಿಸುತ್ತಾರೆ ಅನ್ನೋದು ಮೊದಲ ಪ್ರಶ್ನೆ. ಒಂದು ಕಾರಿಗೆ ಎಂಟಡಿ ಅಗಲ, ಹದಿನೆಂಟಡಿ ಉದ್ದ ಬೇಕು. ನನ್ನ ಬಾಡಿಗೆ ಮನೆಯ ಬೆಡ್‌ರೂಮೇ ಅಷ್ಟಿಲ್ಲ! ಮೆಟ್ರೋ ಇದೆ ಅಂತ ಬರುವವರಿಂದ ಇಲ್ಲದ ಕಾರಿನ ಜಾಗಕ್ಕೂ ಬಾಡಿಗೆ ಕೀಳೋದು ಯಾವ ನ್ಯಾಯ? ಕಾನೂನು ಕೇಳಿದಷ್ಟೇ ಪಾರ್ಕಿಂಗ್ ಬಿಟ್ಟೆ. ಈಗ ಅಲ್ಲಿ ಮೂರು ಸ್ಕೂಟರ್ ನಿಂತಿವೆ, ನನ್ನದೂ ಸೇರಿ.

ಇಷ್ಟು ಜನಕ್ಕೆ ನೀರು ಸಾಲಲ್ಲ ಅಂತ ಅವರು ಹೇಳಿದ್ದು ಮಾತ್ರ ಸರಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಐದು ಮನೆಗೆ ಟ್ಯಾಂಕರ್ ತರಿಸಿ ಸಾಕಾಯಿತು. ಸಂಪು ದುಪ್ಪಟ್ಟು ದೊಡ್ಡದಿರಬೇಕಿತ್ತು. ಪಕ್ಕದ ಮನೆಯ ಅಡುಗೆಮನೆಗೆ ಬರುತ್ತಿದ್ದ ಬೆಳಗಿನ ಬಿಸಿಲೂ ಹೋಯಿತು. ಆ ಅಜ್ಜಿ ನನ್ನನ್ನು ಇನ್ನೂ ಮಾತಾಡಿಸಲ್ಲ.

ಮೆಟ್ರೋ ಹತ್ತಿರ ಎತ್ತರ ಕಟ್ಟಿದರೆ ಬಾಡಿಗೆ ತಾನಾಗಿಯೇ ಇಳಿಯುತ್ತದೆ ಅನ್ನುವವರೂ ಇದ್ದಾರೆ. ಅದನ್ನೂ ನಾನು ನಂಬುವುದಿಲ್ಲ. ಕನಕಪುರ ರಸ್ತೆಯಲ್ಲಿ, ಮೆಟ್ರೋ ಕಂಬಗಳ ಪಕ್ಕದಲ್ಲೇ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಟವರ್‌ಗಳು ಎದ್ದಿವೆ. ನೆಲದಡಿಯಲ್ಲಿ ಕಾರುಗಳದ್ದೇ ಒಂದು ಊರು. ಅಲ್ಲಿ ಮನೆಗೆಲಸ ಮಾಡುವವರು ಮಾತ್ರ ದೂರದಿಂದ ಬಸ್ಸು ಹಿಡಿದು ಬರಬೇಕು.

ನಾನೇನು ದಾನ ಮಾಡುತ್ತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಬದಲು ಮೂರು ತಿಂಗಳದ್ದು ತೆಗೆದುಕೊಂಡೆ ಅಷ್ಟೇ. ವರ್ಷಕ್ಕೆ ಐದು ಪರ್ಸೆಂಟ್ ಏರಿಸುತ್ತೇನೆ, ಬ್ಯಾಂಕ್ ಸಾಲ ಇದೆ ಅಲ್ವಾ.

ಮೊದಲು ಬಂದವರು ನರ್ಸ್ ಮತ್ತು ಅವರ ಗಂಡ. ಎರಡನೇ ಮಗು ಆದ ಮೇಲೆ 300 ಚದರಡಿ ಸಾಲಲಿಲ್ಲ. ಎರಡು ಬೆಡ್‌ರೂಮ್ ಮನೆಗಾಗಿ ಇದೇ ಬೀದಿಯಲ್ಲಿ ಎರಡು ತಿಂಗಳು ಹುಡುಕಿದರು. ಕೊನೆಗೆ ತಲಘಟ್ಟಪುರದಾಚೆ ಸಿಕ್ಕಿತು. ಅಲ್ಲಿಂದ ಸ್ಟೇಷನ್‌ಗೆ ಮತ್ತೆ ಆಟೋ ಹಿಡಿಯಬೇಕು.