ವಿಎಂವೇರ್ ಡಿಸ್ಕ್ ಇಮೇಜ್ ಕೆವಿಎಂನಲ್ಲಿ ಬೂಟ್ ಆಗಲು: ನನ್ನ ಅನುಭವ

ವಿಂಡೋಸ್ 10 ಇದ್ದ ವಿಎಂಡಿಕೆ ಇಮೇಜನ್ನು (ವಿಎಂವೇರ್ ವರ್ಚುವಲ್ ಯಂತ್ರದ ಡಿಸ್ಕ್ ಫೈಲ್) ಉಬುಂಟು ಮೇಲಿನ ಕೆವಿಎಂಗೆ (ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ನಡೆಸುವ ವ್ಯವಸ್ಥೆ) ತಂದ ಬಗೆ ಇದು. ಮೊದಲ ಬೂಟ್‌ನಲ್ಲಿ ಆ ಡಿಸ್ಕಿಗೆ ಹಳೆಯ ಯಂತ್ರದಂಥದ್ದೇ ಯಂತ್ರ ಕಾಣಬೇಕು. ವೇಗದ ಮಾತೆಲ್ಲ ಆಮೇಲೆ.

ನಕಲು ತೆಗೆಯುವ ಮೊದಲು ವಿಎಂವೇರ್ ಕಡೆ ಸ್ನ್ಯಾಪ್‌ಶಾಟ್‌ಗಳನ್ನೆಲ್ಲ (ಉಳಿಸಿಟ್ಟ ಹಿಂದಿನ ಸ್ಥಿತಿಗಳು) ಅಳಿಸಿ ಮೂಲ ಡಿಸ್ಕಿಗೆ ಸೇರಿಸಿದೆ. ಇಲ್ಲದಿದ್ದರೆ ಮೂಲ ಫೈಲಿನಲ್ಲಿ ಸಿಗುವುದು ಹಳೆಯ ಡೇಟಾ. ಶಿಫ್ಟ್ ಒತ್ತಿ ಹಿಡಿದೇ ಶಟ್‌ಡೌನ್ ಮಾಡಿದೆ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಮಾಮೂಲಿ ಶಟ್‌ಡೌನ್ ಅರ್ಧ ನಿದ್ದೆಯಷ್ಟೇ. ವಿಎಂಡಿಕೆ ಫೈಲ್ ಒಂದೇ ಕೆಬಿಯಷ್ಟಿದ್ದರೆ ಅದು ಬರೀ ವಿವರಣೆ. ಡೇಟಾ ಇರುವುದು ಪಕ್ಕದ ‘ಫ್ಲ್ಯಾಟ್’ ಫೈಲಿನಲ್ಲಿ, ಎರಡೂ ಜೊತೆಗೇ ಬರಬೇಕು.

ಕ್ಯೂಎಮು-ಇಮೇಜ್ ಟೂಲ್‌ನ ಕನ್ವರ್ಟ್ ಆಜ್ಞೆಯಿಂದ ಕ್ಯೂಕೌ2 (ಕೆವಿಎಂನಲ್ಲಿ ಬಳಸುವ ಡಿಸ್ಕ್ ಫೈಲ್ ರೂಪ) ಮಾಡಿ, ಫೈಲನ್ನು ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಇಮೇಜಸ್ ಫೋಲ್ಡರಿಗೆ ಹಾಕಿದೆ. ಹೋಮ್ ಫೋಲ್ಡರಿನಲ್ಲೇ ಬಿಟ್ಟರೆ ‘ಪರ್ಮಿಷನ್ ಡಿನೈಡ್’ ಬರುತ್ತದೆ, ಏಕೆಂದರೆ ವರ್ಚುವಲ್ ಯಂತ್ರವನ್ನು ನಡೆಸುವ ಕ್ಯೂಎಮು ಓಡುವುದು ಬೇರೆ ಯೂಸರ್ ಹೆಸರಿನಲ್ಲಿ.

ಲಿಬ್‌ವರ್ಟ್ ಬಳಸುವ ಕಿಟಕಿ ರೂಪದ ಟೂಲ್ ವರ್ಟ್-ಮ್ಯಾನೇಜರಿನಲ್ಲಿ ‘ಇರುವ ಡಿಸ್ಕ್ ಇಮೇಜ್ ಇಂಪೋರ್ಟ್’ ಆರಿಸಿ, 4 ಜಿಬಿ ರ‍್ಯಾಮ್, 2 ಸಿಪಿಯು ಕೊಟ್ಟೆ. ಕೊನೆಯ ಪುಟದಲ್ಲಿ ‘ಇನ್‌ಸ್ಟಾಲ್‌ಗೆ ಮುನ್ನ ಕಸ್ಟಮೈಸ್’ ಟಿಕ್ ಮಾಡುವುದನ್ನು ಮರೆಯಬೇಡಿ. ಯಂತ್ರವನ್ನು ಶುರು ಮಾಡುವ ಫರ್ಮ್‌ವೇರ್ ಆಗಿ ಬಯೋಸ್ ಬೇಕೋ ಯುಇಎಫ್‌ಐ ಬೇಕೋ ಎಂಬುದು ಅಲ್ಲೇ ತೀರ್ಮಾನವಾಗಬೇಕು, ಮುಂದೆ ಆ ಆಯ್ಕೆ ಸಿಗದು. ವಿಎಂವೇರ್‌ನ ಹಳೆಯ ವಿಎಂಎಕ್ಸ್ (ಯಂತ್ರದ ಸೆಟ್ಟಿಂಗ್) ಫೈಲನ್ನು ತೆರೆದು ನೋಡಿ: ಫರ್ಮ್‌ವೇರ್ ಸಾಲಿನಲ್ಲಿ ಇಎಫ್‌ಐ ಎಂದಿದ್ದರೆ ಯುಇಎಫ್‌ಐ, ಆ ಸಾಲೇ ಇಲ್ಲದಿದ್ದರೆ ಬಯೋಸ್. ತಪ್ಪಿದರೆ ಡಿಸ್ಕ್ ಸರಿಯಿದ್ದರೂ ಬೂಟ್ ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಡಿಸ್ಕ್ ಬಸ್ (ಡಿಸ್ಕ್ ಯಂತ್ರಕ್ಕೆ ಸೇರುವ ದಾರಿ) ವಿಷಯದಲ್ಲಿ. ವೇಗ ಹೆಚ್ಚೆಂದು ನೇರವಾಗಿ ವರ್ಟ್‌ಐಒ (ವರ್ಚುವಲ್ ಯಂತ್ರಗಳಿಗೆಂದೇ ಮಾಡಿದ ಬಸ್) ಕೊಟ್ಟರೆ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಬರುತ್ತದೆ. ಇಮೇಜ್ ಕೆಟ್ಟಿಲ್ಲ, ವಿಂಡೋಸ್ ಬಳಿ ಆ ಡ್ರೈವರ್ ಇಲ್ಲ, ಅಷ್ಟೇ. ಹಾಗಾಗಿ ನಾನು ವಿಂಡೋಸಿಗೆ ಡ್ರೈವರ್ ಇರುವ ಸಾಟಾ ಬಸ್ ಕೊಟ್ಟೇ ಬೂಟ್ ಮಾಡಿದೆ. ಆಮೇಲೆ 1 ಜಿಬಿಯ ಖಾಲಿ ಡಿಸ್ಕೊಂದನ್ನು ವರ್ಟ್‌ಐಒ ಬಸ್‌ನಲ್ಲಿ ಸೇರಿಸಿ, ವರ್ಟ್‌ಐಒ-ವಿನ್ ಐಎಸ್‌ಒದಿಂದ (ವಿಂಡೋಸ್‌ಗಾಗಿ ವರ್ಟ್‌ಐಒ ಡ್ರೈವರ್‌ಗಳಿರುವ ಸಿಡಿ ಇಮೇಜ್) ಡ್ರೈವರ್ ಹಾಕಿದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಡಿಸ್ಕ್ ಕಂಡ ಮೇಲೆ ಶಟ್‌ಡೌನ್ ಮಾಡಿ, ಖಾಲಿ ಡಿಸ್ಕ್ ತೆಗೆದು, ಮುಖ್ಯ ಡಿಸ್ಕಿನ ಬಸ್ ಅನ್ನು ವರ್ಟ್‌ಐಒಗೆ ಬದಲಿಸಿದೆ. ಈ ಸುತ್ತುದಾರಿಯೇ ಒಳ್ಳೆಯದು.

ನೆಟ್‌ವರ್ಕ್ ಕಾರ್ಡ್ ಬದಲಾದಾಗ, ಹಳೆಯ ಸ್ಥಿರ ಐಪಿ ಕೊಡಹೋದರೆ ಅದು ಬೇರೊಂದು ಅಡಾಪ್ಟರಿನಲ್ಲಿದೆ ಎಂದು ವಿಂಡೋಸ್ ತಕರಾರು ಮಾಡುತ್ತದೆ. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಅಡಗಿದ ಡಿವೈಸ್‌ಗಳನ್ನು ತೋರಿಸಿಕೊಂಡು, ಹಳೆಯ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಐಪಿ ಹಿಡಿಯುತ್ತದೆ.