ಬೇಸ್‌ಬಾಲ್ ನೋಡುವುದು ಹೇಗೆ: ಅಮೆರಿಕಕ್ಕೆ ಬಂದ ಕನ್ನಡಿಗರಿಗೆ

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲ್ ಬೇಸರ ತರಿಸುವುದು ಕಣ್ಣು ರನ್ ಹುಡುಕುತ್ತಿರುವುದರಿಂದ. ಇಲ್ಲಿ ನಾಲ್ಕು ಮೂಲೆಯ ‘ಬೇಸ್’ಗಳನ್ನು ಸುತ್ತಿ ಬಂದರೆ ಒಂದು ರನ್; ಒಂದು ತಂಡ ಇಡೀ ಪಂದ್ಯದಲ್ಲಿ ನಾಲ್ಕೈದು ರನ್ ಗಳಿಸಿದರೆ ಅದೇ ಸಾಕಷ್ಟಾಯಿತು. ಕ್ರಿಕೆಟ್‌ನಲ್ಲಿ ಔಟಾಗುವುದು ದೊಡ್ಡ ಸುದ್ದಿ; ಬೇಸ್‌ಬಾಲ್‌ನಲ್ಲಿ ಔಟಾಗುವುದೇ ಸಹಜ, ಆಗದೆ ಉಳಿಯುವುದು ವಿಶೇಷ. ಹತ್ತಕ್ಕೆ ಮೂರು ಸಲ ಹಿಟ್ (ಔಟಾಗದೆ ಬೇಸ್ ಸೇರಿಸುವ ಹೊಡೆತ) ಹೊಡೆಯುವವನನ್ನು, ಅಂದರೆ .300 ಸರಾಸರಿಯವನನ್ನು, ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ 1941ರಲ್ಲಿ .406 ಮುಟ್ಟಿದ ಮೇಲೆ ಅಮೆರಿಕನ್, ನ್ಯಾಷನಲ್ ಲೀಗ್‌ಗಳಲ್ಲಿ ಇಡೀ ಸೀಸನ್ ಆಡಿ .400 ದಾಟಿದವರಿಲ್ಲ.

ಹಾಗಾಗಿ ರನ್ ಬಿಟ್ಟು ಮೊದಲು ‘ಕೌಂಟ್’, ಅಂದರೆ ಬಾಲ್–ಸ್ಟ್ರೈಕ್‌ಗಳ ಲೆಕ್ಕ, ನೋಡಲು ಕಲಿಯಿರಿ. ಚೆಂಡೆಸೆಯುವ ಪಿಚರ್ ನಿಂತಿರುವುದು ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನಿಂದ 60 ಅಡಿ 6 ಇಂಚು ದೂರದಲ್ಲಿ. ಹೋಮ್ ಪ್ಲೇಟಿನ ಅಗಲ 17 ಇಂಚು. ಅದರ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಜಾಗದಲ್ಲಿ ಹಾದ ಚೆಂಡನ್ನು ಹೊಡೆಯದೆ ಬಿಟ್ಟರೆ ಸ್ಟ್ರೈಕ್. ಎಲ್ಲೇ ಇರಲಿ, ಬೀಸಿ ತಪ್ಪಿದರೂ ಸ್ಟ್ರೈಕ್. ಆ ಜಾಗದ ಹೊರಗೆ ಹೋದದ್ದನ್ನು ಬಿಟ್ಟರೆ ‘ಬಾಲ್’. ಮೂರು ಸ್ಟ್ರೈಕಿಗೆ ಔಟ್, ನಾಲ್ಕು ಬಾಲಿಗೆ ಮೊದಲ ಬೇಸ್‌ಗೆ ಪುಕ್ಕಟೆ ನಡಿಗೆ. ಹೋಮ್ ಪ್ಲೇಟಿನಿಂದ ಎರಡೂ ಬದಿಗೆ ಹೋಗುವ ಗೆರೆಗಳ ಹೊರಗೆ ಬಿದ್ದ ಫೌಲ್ ಕೂಡ ಸ್ಟ್ರೈಕೇ, ಆದರೆ ಸಾಮಾನ್ಯವಾಗಿ ಅದು ಮೂರನೆಯ ಸ್ಟ್ರೈಕ್ ಆಗುವುದಿಲ್ಲ. ಎರಡು ಸ್ಟ್ರೈಕ್ ಆದ ಮೇಲೂ ಬ್ಯಾಟರ್ ಫೌಲ್ ಹೊಡೆಯುತ್ತಾ ಬದುಕಿಕೊಳ್ಳುವುದು ಇದರಿಂದಲೇ.

ಫಲಕದಲ್ಲಿ ಬಾಲ್ ಮೊದಲು, ಸ್ಟ್ರೈಕ್ ಆಮೇಲೆ ಬರೆಯುತ್ತಾರೆ. 3-0 ಇದ್ದರೆ ಪಿಚರ್ ಇಕ್ಕಟ್ಟಿನಲ್ಲಿದ್ದಾನೆ, ಮುಂದಿನದನ್ನು ನೇರಕ್ಕೆ ಎಸೆಯಲೇಬೇಕು. 0-2 ಇದ್ದರೆ ಬ್ಯಾಟರ್‌ಗೆ ಸಂಕಟ. ಪಿಚರ್ ಬೇಕೆಂದೇ ಹೊರಗೆ ತಿರುಗುವ ಚೆಂಡೆಸೆದು ಆಸೆ ತೋರಿಸುತ್ತಾನೆ. ಮುಂದಿನ ಚೆಂಡು ಎಲ್ಲಿಗೆ ಬರಬಹುದೆಂದು ಪ್ರತಿ ಸಲ ಊಹಿಸಿ ನೋಡಿ. ಒಂದೇ ಪಂದ್ಯದಲ್ಲಿ ಆಟ ನಿಧಾನ ಎಂಬ ದೂರು ಕರಗುತ್ತದೆ. 2023ರಲ್ಲಿ ಗಡಿಯಾರವೂ ಬಂತು: ಬೇಸ್‌ಗಳು ಖಾಲಿಯಿದ್ದರೆ ಪಿಚರ್ 15 ಸೆಕೆಂಡಿನಲ್ಲಿ ಎಸೆಯಬೇಕು, ಓಟಗಾರರಿದ್ದರೆ ಈಗ 18. ಮೂರು ಗಂಟೆ ದಾಟುತ್ತಿದ್ದ ಪಂದ್ಯ ಎರಡೂ ಮುಕ್ಕಾಲು ಗಂಟೆಯೊಳಗೆ ಮುಗಿಯತೊಡಗಿತು. 2026ರಿಂದ ಬಾಲ್–ಸ್ಟ್ರೈಕ್ ತೀರ್ಪನ್ನು ಪ್ರಶ್ನಿಸಲು ತಂಡಕ್ಕೆ ಎರಡು ಅವಕಾಶಗಳಿವೆ. ನಮ್ಮ ಡಿಆರ್‌ಎಸ್‌ನಂತೆ, ಗೆದ್ದರೆ ಅವಕಾಶ ಉಳಿಯುತ್ತದೆ.

ಕ್ರಿಕೆಟ್ ಕಣ್ಣು ಎಡವುವ ಜಾಗಗಳು ಇನ್ನೂ ಕೆಲವಿವೆ. ಚೆಂಡು ಗೆರೆಯೊಳಗೆ ಬಿದ್ದರೆ ಬ್ಯಾಟರ್ ಓಡಲೇಬೇಕು, ‘ಬೇಡ’ ಎಂದು ನಿಲ್ಲುವ ಹಕ್ಕಿಲ್ಲ. ಅವನು ಓಡಿದ್ದರಿಂದ ಮೊದಲ ಬೇಸ್‌ನಲ್ಲಿದ್ದವನೂ ಜಾಗ ಬಿಡಬೇಕಾಗುತ್ತದೆ. ಹೀಗೆ ಬಲವಂತಕ್ಕೆ ಓಡುವವನನ್ನು ಔಟ್ ಮಾಡಲು ಚೆಂಡು ಹಿಡಿದು ಬೇಸ್ ಮುಟ್ಟಿದರೆ ಸಾಕು. ಬಲವಂತ ಇಲ್ಲದೆ ಓಡುವವನ ಮೈಗೇ ಚೆಂಡು ತಾಗಿಸಬೇಕು. ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವ ‘ಡಬಲ್ ಪ್ಲೇ’ ಹೆಚ್ಚಾಗಿ ಹುಟ್ಟುವುದು ಇಲ್ಲಿ. ಎತ್ತರದ ಕ್ಯಾಚ್ ಹಿಡಿದರೆ ಓಟಗಾರ ಮೊದಲು ತನ್ನ ಬೇಸ್‌ನಲ್ಲಿ ಕಾಲಿಟ್ಟು ಆಮೇಲೆಯೇ ಮುಂದೆ ಓಡಬಹುದು. ಬದಲಿ ಆಟಗಾರ ಬಂದನೆಂದರೆ ಹೊರಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಅದಕ್ಕೇ ಏಳನೆಯ ಇನ್ನಿಂಗ್ಸ್‌ನಿಂದಾಚೆ ಮ್ಯಾನೇಜರ್‌ಗಳ ತಲೆ ಓಡುವುದನ್ನು ನೋಡಬೇಕು.

ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿಯೊಂದರಲ್ಲೂ ಪ್ರತಿ ತಂಡಕ್ಕೆ ಮೂರು ಔಟ್. ಅತಿಥಿ ತಂಡದ ಬ್ಯಾಟಿಂಗ್ ಮೊದಲು. ಡ್ರಾ ಇಲ್ಲ, ಸಮವಾದರೆ ಹತ್ತನೆಯದರಿಂದ ಎರಡನೆಯ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ನಿಲ್ಲಿಸಿಯೇ ಆಟ ಶುರು ಮಾಡುತ್ತಾರೆ (ಪ್ಲೇಆಫ್‌ನಲ್ಲಿ ಈ ನಿಯಮ ಇಲ್ಲ). ಫಲಕದ ಕೊನೆಯ ಮೂರು ಅಂಕಣಗಳು ಕ್ರಮವಾಗಿ ರನ್, ಹಿಟ್, ಫೀಲ್ಡಿಂಗ್ ತಪ್ಪು.

ಮೇಜರ್ ಲೀಗ್‌ನಲ್ಲಿ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳು ಸೇರಿ 30 ತಂಡಗಳು. ಟೊರೊಂಟೊ ಒಂದು ಬಿಟ್ಟು ಎಲ್ಲವೂ ಅಮೆರಿಕದವು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡಕ್ಕೆ 162 ಪಂದ್ಯ, ಅಂದರೆ ಹೆಚ್ಚುಕಡಿಮೆ ದಿನವೂ ಆಟ. ಅತ್ಯುತ್ತಮ ತಂಡಗಳೂ ಅರುವತ್ತು ಸಲ ಸೋಲುತ್ತವೆ. ಆದ್ದರಿಂದ ಒಂದು ರಾತ್ರಿಯ ಸೋಲಿಗೆ ಇಲ್ಲಿ ಯಾರೂ ಎದೆಗುಂದುವುದಿಲ್ಲ. ಬೇಸಿಗೆಯ ಸಂಜೆ ಹಿತ್ತಲಲ್ಲಿ ರೇಡಿಯೊ ಹಚ್ಚಿಟ್ಟು ಬೇರೆ ಕೆಲಸ ಮಾಡುತ್ತಾ ಕೇಳುವ ಆಟ ಇದು. ಅಕ್ಟೋಬರ್‌ನಲ್ಲಿ ಸ್ವರೂಪವೇ ಬದಲಾಗುತ್ತದೆ: ಎರಡೂ ಲೀಗ್‌ಗಳಿಂದ ಆರಾರು ತಂಡಗಳು, ಕೊನೆಗೆ ಗರಿಷ್ಠ ಏಳು ಪಂದ್ಯಗಳ ವರ್ಲ್ಡ್ ಸೀರೀಸ್.

ಈ ದೇಶ ಬೇಸ್‌ಬಾಲ್ ಮೂಲಕ ತನ್ನ ಇತಿಹಾಸವನ್ನೂ ನೆನೆಯುತ್ತದೆ. ಕಪ್ಪು ಆಟಗಾರರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ಮೇಜರ್ ಲೀಗ್‌ನಲ್ಲಿ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಜಾಕಿ ರಾಬಿನ್‌ಸನ್ ಕಣಕ್ಕಿಳಿದರು. 1997ರಲ್ಲಿ ಅವರ 42ನೇ ಸಂಖ್ಯೆಯನ್ನು ಎಲ್ಲ ತಂಡಗಳಿಂದಲೂ ನಿವೃತ್ತಗೊಳಿಸಿದರು. ಪ್ರತಿ ಏಪ್ರಿಲ್ 15ರಂದು ಮಾತ್ರ ಎಲ್ಲರ ಬೆನ್ನಿನ ಮೇಲೂ 42; ಅಂದು ಆಟಗಾರರನ್ನು ಸಂಖ್ಯೆಯಿಂದ ಗುರುತಿಸಲು ಹೋಗಬೇಡಿ. ಬೇಬ್ ರೂತ್‌ರ 714 ಹೋಮ್ ರನ್‌ಗಳ (ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ) ದಾಖಲೆಯನ್ನು ಹ್ಯಾಂಕ್ ಆರನ್ 1974ರಲ್ಲಿ ಮುರಿದದ್ದು ಜನಾಂಗದ್ವೇಷದ ಬೆದರಿಕೆ ಪತ್ರಗಳ ನಡುವೆ. ಪೋರ್ಟೊ ರಿಕೊದ ಆಟಗಾರ ರೊಬೆರ್ಟೊ ಕ್ಲೆಮೆಂಟೆ ನಿಕರಾಗ್ವಾ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಾ 1972ರ ಡಿಸೆಂಬರ್ 31ರಂದು ವಿಮಾನ ಬಿದ್ದು ತೀರಿಕೊಂಡರು. ಇಂದಿನವರಲ್ಲಿ ನೋಡಲೇಬೇಕಾದವರು ಜಪಾನಿನ ಶೋಹೆ ಒಹ್ತಾನಿ. 2024ರಲ್ಲಿ 54 ಹೋಮ್ ರನ್, 59 ಬೇಸ್ ಕಳವು (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡಿ ಸೇರುವುದು). 2025ರ ಅಕ್ಟೋಬರ್‌ನಲ್ಲಿ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದು, ಪಿಚರ್ ಆಗಿ ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ಇಂಥ ಆಟಗಾರ ನಮ್ಮ ಕಾಲದಲ್ಲಿ ಆಡುತ್ತಿರುವುದು ಭಾಗ್ಯ.

ಮೈದಾನಕ್ಕೆ ಹೋಗುವುದಾದರೆ ಏಪ್ರಿಲ್, ಮೇ ತಿಂಗಳ ವಾರದ ದಿನಗಳು ಸಾಮಾನ್ಯವಾಗಿ ಅಗ್ಗ. ಟಿಕೆಟ್ ಫೋನಿನ ಬಾಲ್‌ಪಾರ್ಕ್ ಆ್ಯಪ್‌ನಲ್ಲಿರುತ್ತದೆ. ಹಲವು ಕಡೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಬೇರೆಬೇರೆಯಾಗಿ ಬರುವವರಿಗೆ ಆ್ಯಪ್‌ನಲ್ಲೇ ಕಳಿಸಿಬಿಡಿ. ಬೆನ್ನಚೀಲ ಹಲವು ಮೈದಾನಗಳಲ್ಲಿ ನಿಷಿದ್ಧ, ಉಳಿದ ಚೀಲಕ್ಕೂ ಅಳತೆಯ ಮಿತಿಯಿದೆ; ಮನೆಯ ಊಟ, ನೀರಿನ ನಿಯಮವೂ ಊರಿಂದ ಊರಿಗೆ ಬೇರೆ. ಹೊರಡುವ ಮುನ್ನ ತಂಡದ ಜಾಲತಾಣ ನೋಡಿ. ಮಧ್ಯಾಹ್ನದ ಪಂದ್ಯಕ್ಕೆ ಮೂರನೆಯ ಬೇಸ್ ಬದಿಯ ಮೇಲಿನ ಸೀಟು ಕೊಳ್ಳಿ: ಹೆಚ್ಚಿನ ಮೈದಾನಗಳಲ್ಲಿ ನೆರಳು ಮೊದಲು ಬರುವುದು ಅತ್ತ. ಮಕ್ಕಳಿದ್ದರೆ ಬಲೆಯ ಹಿಂದೆಯೇ ಕೂರಿಸಿ. ಫೌಲ್ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಆಗ ಫೋನ್ ನೋಡುತ್ತಿದ್ದರೆ ಅಪಾಯ. ಕೈಗೆ ಸಿಕ್ಕಿದ ಚೆಂಡು ನಿಮ್ಮದೇ, ವಾಪಸ್ ಕೊಡಬೇಕಿಲ್ಲ.

ಸಸ್ಯಾಹಾರಿಗಳಿಗೆ ಕಡಲೆಕಾಯಿ, ಪಾಪ್‌ಕಾರ್ನ್, ಪ್ರೆಟ್ಜೆಲ್ ನಿಶ್ಚಿಂತೆ. ಫ್ರೈಸ್ ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳಿ. ನಾಚೋಸ್ ಮೇಲೆ ಹಾಕುವ ‘ಚಿಲಿ’ ಮೆಣಸಿನಕಾಯಿಯಲ್ಲ, ಸಾಮಾನ್ಯವಾಗಿ ಕೊಚ್ಚಿದ ಮಾಂಸದ ಗೊಜ್ಜು.

ಟಿವಿಯಲ್ಲಿ ಹೊಸಬರು ದುಡ್ಡು ಕಳೆದುಕೊಳ್ಳುವುದು ಒಂದೇ ಕಡೆ. ಎಲ್ಲ ತಂಡಗಳ ಪಂದ್ಯ ತೋರಿಸುವ ಚಂದಾದಲ್ಲಿ ನಿಮ್ಮೂರಿನ ತಂಡವೇ ಕಾಣದಿರಬಹುದು. ಆ ಪ್ರಸಾರದ ಹಕ್ಕು ಸ್ಥಳೀಯವಾಗಿ ಬೇರೆ ಮಾರಾಟವಾಗಿರುತ್ತದೆ. ಕೊಳ್ಳುವ ಮುನ್ನ ನಿಮ್ಮ ಜಿಪ್ ಕೋಡ್ ಹಾಕಿ ಪರೀಕ್ಷಿಸಿ.

ಮಕ್ಕಳನ್ನು ಆಡಿಸಲು ಹತ್ತಿರದ ದಾರಿ ಲಿಟಲ್ ಲೀಗ್. ವಸಂತದ ಆಟಕ್ಕೆ ನೋಂದಣಿ ಹಲವೆಡೆ ಚಳಿಗಾಲದಲ್ಲೇ ಮುಗಿದಿರುತ್ತದೆ, ಹಿಮ ಕರಗಿದ ಮೇಲೆ ವಿಚಾರಿಸಿದರೆ ತಡವಾಯಿತು. ವಯಸ್ಸಿನ ಮತ್ತು ವಿಳಾಸದ (ಅಥವಾ ಶಾಲೆಯ) ದಾಖಲೆ ಬೇಕು. ನಾಲ್ಕೈದು ವರ್ಷದವರು ಕೋಲಿನ ಮೇಲೆ ಚೆಂಡಿಟ್ಟು ಹೊಡೆಯುವ ಟೀ-ಬಾಲ್‌ನಿಂದ ಶುರು ಮಾಡುತ್ತಾರೆ. ಗ್ಲೌಸ್ ಕೊಳ್ಳುವಾಗ ಎಚ್ಚರ: ಬಲಗೈಯಲ್ಲಿ ಎಸೆಯುವ ಮಗುವಿಗೆ ಅದು ಎಡಗೈಗೆ ಬೇಕು. ಮರದ್ದಲ್ಲದ ಬ್ಯಾಟ್ ಮೇಲೆ ‘ಯುಎಸ್‌ಎ ಬೇಸ್‌ಬಾಲ್’ ಮುದ್ರೆ ಇಲ್ಲದಿದ್ದರೆ ಅಂಪೈರ್ ಆಡಲು ಬಿಡುವುದಿಲ್ಲ. ಲೋಹದ ಮುಳ್ಳಿನ ಶೂ ಚಿಕ್ಕವರಿಗೆ ಇಲ್ಲ.

ಮಗು ಪಿಚರ್ ಆದರೆ ಎಣಿಕೆ ನಿಮ್ಮ ಕೈಯಲ್ಲೂ ಇರಲಿ. ದಿನದ ಮಿತಿ 7–8 ವರ್ಷದವರಿಗೆ 50 ಎಸೆತ, 9–10ಕ್ಕೆ 75, 11–12ಕ್ಕೆ 85. 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಬೆಳೆಯುವ ಮೊಣಕೈಗೆ ಇದಕ್ಕಿಂತ ಹೆಚ್ಚು ಭಾರ ಹಾಕಬಾರದು. ಮಗು ಇನ್ನೊಂದು ತಂಡದಲ್ಲೂ ಎಸೆಯುತ್ತಿದ್ದರೆ ಒಬ್ಬ ಕೋಚ್‌ಗೆ ಇನ್ನೊಬ್ಬರ ಲೆಕ್ಕ ಗೊತ್ತಿರುವುದಿಲ್ಲ. ಎರಡನ್ನೂ ಕೂಡಿಸಿ ಬರೆದಿಟ್ಟು, ಪಂದ್ಯಕ್ಕೆ ಮುಂಚೆ ಇಬ್ಬರಿಗೂ ತೋರಿಸಿ.